ಮನೆ ಪಕ್ಕದ 5ಜಿ ಟವರ್‌ನಿಂದ ಕ್ಯಾನ್ಸರ್ ಬರುತ್ತದೆಯೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ ವರ್ಷಕ್ಕೆ ನಾಲ್ಕಾರು ಸಲವಾದರೂ ಮರಳಿ ಬರುವ ಸಂದೇಶಗಳಲ್ಲಿ 5ಜಿ ಟವರ್ ಕುರಿತದ್ದೂ ಒಂದು. ಟವರ್‌ನ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ, ಗುಬ್ಬಚ್ಚಿ ಸಾಯುತ್ತವೆ, ಮಕ್ಕಳಿಗೆ ನಿದ್ದೆ ಬರುವುದಿಲ್ಲ, ಆದ್ದರಿಂದ ಕೂಡಲೇ ವಿರೋಧಿಸಿ, ಎಲ್ಲರಿಗೂ ಕಳುಹಿಸಿ ಎನ್ನುವುದು ಅದರ ಸಾರ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನಂಥ ಕಡೆ ಮನೆಗಳು ಒತ್ತೊತ್ತಾಗಿವೆ. ಎದುರು ಮನೆಯ ತಾರಸಿಯಲ್ಲಿ ಬಿಳಿ ಬಣ್ಣದ ಉದ್ದನೆಯ ಡಬ್ಬಿಗಳು ಕಾಣಿಸಿಕೊಂಡರೆ ಆತಂಕವಾಗುವುದು ಸಹಜ. ಆ ಆತಂಕವನ್ನು ನಾವು ಗೇಲಿ ಮಾಡುವುದಿಲ್ಲ. ಒಂದೊಂದು ಮಾತನ್ನೂ ತೆಗೆದುಕೊಂಡು ಅದರಲ್ಲಿ ನಿಜ ಎಷ್ಟಿದೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

- ನಿಗದಿತ ಮಿತಿಯೊಳಗೆ ಕೆಲಸ ಮಾಡುವ ಮೊಬೈಲ್ ಟವರ್‌ನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಈವರೆಗೆ ಪುರಾವೆ ಸಿಕ್ಕಿಲ್ಲ.
- ನಮ್ಮ ದೇಹಕ್ಕೆ ತಾಗುವ ರೇಡಿಯೋ ಅಲೆಗಳಲ್ಲಿ ಹೆಚ್ಚಿನ ಪಾಲು ದೂರದ ಟವರ್‌ನದ್ದಲ್ಲ, ಕಿವಿಗೆ ಹಿಡಿದ ಫೋನಿನದ್ದು.
- ಟವರ್ ದೂರ ಹೋದಷ್ಟೂ ನಿಮ್ಮ ಫೋನ್ ಜೋರಾಗಿ ‘ಕೂಗಬೇಕಾಗುತ್ತದೆ’.
- ಅನುಮಾನವಿದ್ದರೆ ಅಳತೆ ಮಾಡಿಸುವ ಸರ್ಕಾರಿ ವ್ಯವಸ್ಥೆ ಇದೆ. ಅದರ ವಿವರ ಕೊನೆಯಲ್ಲಿದೆ.

ವಿಕಿರಣ ಎಂದ ಕೂಡಲೇ ಎಕ್ಸ್-ರೇ ಅಲ್ಲ

‘ರೇಡಿಯೇಷನ್’ ಎಂಬ ಪದವೇ ಅರ್ಧ ಭಯ ಹುಟ್ಟಿಸುತ್ತದೆ. ಹಿರೋಶಿಮಾ, ಚೆರ್ನೋಬಿಲ್, ಕ್ಯಾನ್ಸರ್ ಆಸ್ಪತ್ರೆಯ ಯಂತ್ರ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಆದರೆ ಸೂರ್ಯನ ಬೆಳಕೂ ವಿಕಿರಣವೇ, ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುವ ಕಾವೂ ವಿಕಿರಣವೇ, ಆಕಾಶವಾಣಿ ಕೇಳಿಸುವ ಅಲೆಯೂ ವಿಕಿರಣವೇ. ಇವುಗಳ ನಡುವಿನ ವ್ಯತ್ಯಾಸ ಇರುವುದು ಫ್ರೀಕ್ವೆನ್ಸಿಯಲ್ಲಿ, ಅಂದರೆ ಅಲೆ ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದರಲ್ಲಿ. ಕಂಪನ ಹೆಚ್ಚಿದಷ್ಟೂ ಅದರ ಒಂದೊಂದು ಕಣದ ಶಕ್ತಿ ಹೆಚ್ಚು.

ಎಕ್ಸ್-ರೇ ಮತ್ತು ಗಾಮಾ ಕಿರಣಗಳ ಒಂದೊಂದು ಕಣಕ್ಕೂ ನಮ್ಮ ಜೀವಕೋಶದ ಡಿಎನ್‌ಎಯನ್ನು ಮುರಿಯುವಷ್ಟು ಶಕ್ತಿ ಇರುತ್ತದೆ. ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಇಂಥ ವಿಕಿರಣಕ್ಕೆ ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಮ್ಮ ದೇಶದಲ್ಲಿ 5ಜಿಗೆ ಹೆಚ್ಚಾಗಿ ಬಳಕೆಯಲ್ಲಿರುವ 3.5 ಗಿಗಾಹರ್ಟ್ಸ್ ಆಸುಪಾಸಿನ ಅಲೆಯ ಒಂದು ಕಣದ ಶಕ್ತಿ ಅದರ ಸುಮಾರು ಏಳು ಲಕ್ಷದಲ್ಲಿ ಒಂದು ಪಾಲು. ನಾವು ಕಣ್ಣಿಂದ ಕಾಣುವ ಹಸಿರು ಬೆಳಕಿನ ಕಣಕ್ಕೂ ಈ ಅಲೆಗಿಂತ ಒಂದೂವರೆ ಲಕ್ಷ ಪಟ್ಟು ಹೆಚ್ಚು ಶಕ್ತಿ ಇದೆ.

ಹಾಗಾದರೆ ಕಣಗಳನ್ನು ಗುಡ್ಡೆ ಹಾಕಿದರೆ ಡಿಎನ್‌ಎ ಮುರಿಯುವುದಿಲ್ಲವೇ? ಇಲ್ಲ. ಬಂಡೆಗೆ ಹತ್ತಿಯ ಉಂಡೆಗಳನ್ನು ಲಕ್ಷ ಸಲ ಎಸೆದರೂ ಬಂಡೆ ಒಡೆಯುವುದಿಲ್ಲ. ರೇಡಿಯೋ ಅಲೆಗಳ ಪ್ರಮಾಣ ತುಂಬಾ ಹೆಚ್ಚಾದರೆ ಆಗುವುದು ಬೇರೆ: ದೇಹ ಬಿಸಿಯಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಹೀಗೆಯೇ. ಆದ್ದರಿಂದಲೇ ಜಗತ್ತಿನಾದ್ಯಂತ ಸುರಕ್ಷತಾ ಮಿತಿಗಳನ್ನು ಈ ಬಿಸಿಯನ್ನು ಆಧಾರವಾಗಿಟ್ಟುಕೊಂಡು ನಿಗದಿ ಮಾಡಿದ್ದಾರೆ.

5ಜಿಯಲ್ಲಿ ಹೊಸದು ಯಾವುದು, ಹಳೆಯದು ಯಾವುದು?

ಭಾರತದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಮೊದಲ ದಿನವೇ ಸೇವೆ ಪಡೆದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಅದಕ್ಕೂ ಮುಂಚೆ, ಅದೇ ವರ್ಷ, ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಇದರ ಪ್ರಯೋಗ ನಡೆದಿತ್ತು.

ಹೆಸರು ಹೊಸದು, ಅಲೆಗಳು ಹೊಸವಲ್ಲ. 5ಜಿಗೆ ಕೊಟ್ಟಿರುವ ಪಟ್ಟಿಗಳಲ್ಲಿ 700 ಮೆಗಾಹರ್ಟ್ಸ್, 3300 ಮೆಗಾಹರ್ಟ್ಸ್ ಮತ್ತು 26 ಗಿಗಾಹರ್ಟ್ಸ್ ಮುಖ್ಯವಾದವು. 700 ಮೆಗಾಹರ್ಟ್ಸ್ ಎಂದರೆ ಹಲವು ದೇಶಗಳಲ್ಲಿ ದಶಕಗಳ ಕಾಲ ಟಿವಿ ಪ್ರಸಾರಕ್ಕೆ ಬಳಸಿದ ಅಲೆಗಳು. 3300ರದ್ದು ನಿಮ್ಮ ಮನೆಯ ವೈಫೈ ಕೆಲಸ ಮಾಡುವ 2.4 ಮತ್ತು 5 ಗಿಗಾಹರ್ಟ್ಸ್‌ಗಳ ನಡುವೆ ಬರುತ್ತದೆ. ಇನ್ನು ‘ಮಿಲಿಮೀಟರ್ ಅಲೆ’ ಎಂದು ಫಾರ್ವರ್ಡ್‌ಗಳು ಬೆದರಿಸುವ ಅತಿ ಹೆಚ್ಚು ಕಂಪನದ ಅಲೆಗಳನ್ನು ನಮ್ಮ ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ ಕೋಲ್ಕತ್ತದಲ್ಲಿ ಹುಟ್ಟಿಸಿ ತೋರಿಸಿದ್ದರು. ಕನ್ನಡನಾಡಿಗೂ ರೇಡಿಯೋ ಅಲೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಅಲೆ ದೇಹದ ಆಳಕ್ಕೆ ಇಳಿಯುತ್ತದೆ ಎನ್ನುವುದು. ರೇಡಿಯೋ ಅಲೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. 26 ಗಿಗಾಹರ್ಟ್ಸ್ ಅಲೆ ಚರ್ಮದ ಮೇಲಿನ ಸುಮಾರು ಒಂದು ಮಿಲಿಮೀಟರ್‌ನಲ್ಲೇ ಇಂಗಿಹೋಗುತ್ತದೆ. ಗೋಡೆ, ಮರದ ಎಲೆ, ಮಳೆಯೂ ಇದನ್ನು ತಡೆಯುತ್ತವೆ. ಈ ಅಲೆಗೆ ಹತ್ತಿರ ಹತ್ತಿರ ಪುಟ್ಟ ಆಂಟೆನಾಗಳು ಬೇಕಾಗುವುದು ಅದಕ್ಕೇ. ಆಂಟೆನಾಗಳ ಸಂಖ್ಯೆ ಹೆಚ್ಚು ಎಂದ ಮಾತ್ರಕ್ಕೆ ಒಟ್ಟು ಪ್ರಮಾಣ ಅಷ್ಟೇ ಪಟ್ಟು ಹೆಚ್ಚು ಎಂದಲ್ಲ. ಪುಟ್ಟ ಆಂಟೆನಾ ಸುತ್ತಲ ಸ್ವಲ್ಪ ಜಾಗಕ್ಕೆ ಮಾತ್ರ ಅಲೆ ಕಳುಹಿಸಬೇಕಾದ್ದರಿಂದ ಅದರ ಶಕ್ತಿಯೂ ಕಡಿಮೆ.

ಹಳೆಯ ಆಂಟೆನಾ ಟ್ಯೂಬ್‌ಲೈಟ್ ಇದ್ದಂತೆ, ಯಾರಿದ್ದರೂ ಇಲ್ಲದಿದ್ದರೂ ಇಡೀ ಬೀದಿಗೆ ಬೆಳಕು ಚೆಲ್ಲುತ್ತದೆ. 3300 ಮೆಗಾಹರ್ಟ್ಸ್‌ನ 5ಜಿ ಆಂಟೆನಾ ಟಾರ್ಚ್ ಇದ್ದಂತೆ. ಯಾರ ಫೋನ್ ಡೇಟಾ ಕೇಳಿತೋ ಅತ್ತ ತಿರುಗಿ ಕಳುಹಿಸಿ, ಕೆಲಸ ಮುಗಿದ ಮೇಲೆ ಬಹುಪಾಲು ಸುಮ್ಮನಾಗುತ್ತದೆ.

ಭಾರತದಲ್ಲಿ ಮಿತಿ ಎಷ್ಟು?

ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ತಜ್ಞ ಆಯೋಗ ರೂಪಿಸಿದ ಮಿತಿಗಳನ್ನು ಬಹಳಷ್ಟು ದೇಶಗಳು ಪಾಲಿಸುತ್ತವೆ. ಯಾವ ಮಟ್ಟದಲ್ಲಿ ದೇಹದ ಮೇಲೆ ಬಿಸಿಯ ಪರಿಣಾಮ ಶುರುವಾಗಬಹುದೋ ಅದನ್ನು 50 ಪಟ್ಟು ತಗ್ಗಿಸಿ ಜನಸಾಮಾನ್ಯರ ಮಿತಿಯನ್ನು ನಿಗದಿ ಮಾಡಲಾಗಿದೆ. ಭಾರತ 2008ರಲ್ಲಿ ಇದನ್ನು ಒಪ್ಪಿಕೊಂಡಿತು. ಬಳಿಕ ಕೇಂದ್ರದ ಅಂತರ-ಸಚಿವಾಲಯ ಸಮಿತಿ ಮುನ್ನೆಚ್ಚರಿಕೆಯಾಗಿ ಇನ್ನೂ ಬಿಗಿ ಮಾಡಲು ಶಿಫಾರಸು ಮಾಡಿತು. 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. 3.5 ಗಿಗಾಹರ್ಟ್ಸ್‌ಗೆ ಅಂತಾರಾಷ್ಟ್ರೀಯ ಮಿತಿ ಚದರ ಮೀಟರ್‌ಗೆ 10 ವ್ಯಾಟ್ ಇದ್ದರೆ, ಭಾರತ ಇಟ್ಟುಕೊಂಡದ್ದು 1 ವ್ಯಾಟ್. 900 ಮೆಗಾಹರ್ಟ್ಸ್‌ಗೆ 4.5ರ ಬದಲು 0.45 ವ್ಯಾಟ್. 5ಜಿ ಬಂದಾಗಲೂ ಇದೇ ಮಿತಿ ಅನ್ವಯವಾಯಿತು.

ಹೋಲಿಕೆಗೆ ಹೇಳುವುದಾದರೆ, ನಡುಮಧ್ಯಾಹ್ನ ಲಾಲ್‌ಬಾಗ್ ಬಂಡೆಯ ಮೇಲೆ ನಿಂತವರ ಮೇಲೆ ಬೀಳುವ ಬಿಸಿಲು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್. ಬಿಸಿಲೂ ರೇಡಿಯೋ ಅಲೆಯೂ ಒಂದೇ ಅಲ್ಲ, ನಿಜ. ಆದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಗೆ ಡಿಎನ್‌ಎಗೆ ಹಾನಿ ಮಾಡುವ ಶಕ್ತಿ ಇದೆ, ಟವರ್‌ನ ಅಲೆಗೆ ಇಲ್ಲ.

ಫೋನ್‌ಗೂ ಬೇರೆ ಮಿತಿ ಇದೆ. ದೇಹದ ಅಂಗಾಂಶ ಹೀರಿಕೊಳ್ಳುವ ಪ್ರಮಾಣವನ್ನು ಎಸ್‌ಎಆರ್ ಎನ್ನುತ್ತಾರೆ. ಭಾರತದಲ್ಲಿ ಅದು ಕಿಲೋಗೆ 1.6 ವ್ಯಾಟ್ ಮೀರುವಂತಿಲ್ಲ. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಅದರ ಎಸ್‌ಎಆರ್ ಎಷ್ಟು ಎಂಬುದು ಪರದೆಯ ಮೇಲೆ ಕಾಣುತ್ತದೆ.

‘ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್‌ಕಾರಕ ಎಂದಿದೆ’ – ಇದು ಅರ್ಧಸತ್ಯ

ಫಾರ್ವರ್ಡ್‌ಗಳಲ್ಲಿ ಅತಿ ಹೆಚ್ಚು ಬಲವಿರುವ ಮಾತು ಇದೇ. ಏಕೆಂದರೆ ಇದರಲ್ಲಿ ಒಂದು ಎಳೆ ನಿಜವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಭಾಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. 2ಬಿ ಎಂದರೆ ‘ಕ್ಯಾನ್ಸರ್ ತರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲು ಆಗುತ್ತಿಲ್ಲ, ಆದರೆ ಪುರಾವೆ ದುರ್ಬಲ’ ಎಂಬರ್ಥ.

ಈ ಸಂಸ್ಥೆಯ ಪಟ್ಟಿಯನ್ನು ಪೂರ್ತಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

- ಗುಂಪು 1 (ಪುರಾವೆ ಖಚಿತ): ತಂಬಾಕು, ಮದ್ಯ, ಅಡಿಕೆ, ಬಿಸಿಲು, ಡೀಸೆಲ್ ಹೊಗೆ, ಹೊರಗಿನ ವಾಯುಮಾಲಿನ್ಯ
- ಗುಂಪು 2ಎ (ಬಹುಶಃ ಇರಬಹುದು): ರಾತ್ರಿ ಪಾಳಿಯ ಕೆಲಸ, 65 ಡಿಗ್ರಿಗಿಂತ ಬಿಸಿಯಾದ ಪಾನೀಯ, ಕೆಂಪು ಮಾಂಸ
- ಗುಂಪು 2ಬಿ (ಪುರಾವೆ ದುರ್ಬಲ): ರೇಡಿಯೋ ಅಲೆ, ಇಡೀ ಎಲೆಯ ಲೋಳೆಸರ ಸಾರ

ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಟವರ್ ವಿರುದ್ಧದ ಸಂದೇಶ ಕಳುಹಿಸುವವರು, ಬಾಯಲ್ಲಿರುವುದು ಪಟ್ಟಿಯ ಮೊದಲ ಗುಂಪಿನದ್ದು ಎಂಬುದನ್ನು ಗಮನಿಸಬೇಕು.

2011ರ ನಂತರ ಸಂಶೋಧನೆ ನಿಂತಿಲ್ಲ. ಅದೇ ಸಂಸ್ಥೆಯ ಸಲಹಾ ತಂಡ ರೇಡಿಯೋ ಅಲೆಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು ಎಂದೂ ಹೇಳಿದೆ. ಹಾಗಾಗಿ ‘ಎಲ್ಲ ಮುಗಿಯಿತು, ಇನ್ನು ಪ್ರಶ್ನೆಯೇ ಇಲ್ಲ’ ಎನ್ನುವವರ ಮಾತೂ ಸರಿಯಲ್ಲ.

ದೊಡ್ಡ ಅಧ್ಯಯನಗಳಲ್ಲಿ ಕಂಡದ್ದೇನು?

13 ದೇಶಗಳಲ್ಲಿ ನಡೆದ ‘ಇಂಟರ್‌ಫೋನ್’ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಒಟ್ಟಾರೆಯಾಗಿ ಫೋನ್ ಬಳಸುವವರಲ್ಲಿ ಮಿದುಳಿನ ಗಡ್ಡೆ ಹೆಚ್ಚಾಗಿ ಕಾಣಲಿಲ್ಲ. ಅತಿ ಹೆಚ್ಚು ಮಾತನಾಡಿದ ಶೇ 10ರಷ್ಟು ಜನರಲ್ಲಿ ಮಾತ್ರ ಸ್ವಲ್ಪ ಏರಿಕೆ ಕಂಡಿತು. ಆದರೆ ಕಾಯಿಲೆ ಬಂದ ಮೇಲೆ ‘ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಿದ್ದಿರಿ?’ ಎಂದು ಕೇಳಿ ಪಡೆದ ಉತ್ತರ ಅದು. ನೆನಪಿನ ಮೇಲೆ ನಿಂತ ಲೆಕ್ಕದಲ್ಲಿ ತಪ್ಪು ನುಸುಳುವುದು ಸುಲಭ ಎಂದು ಅಧ್ಯಯನ ಮಾಡಿದವರೇ ಒಪ್ಪಿದರು. 2011ರ 2ಬಿ ತೀರ್ಮಾನಕ್ಕೆ ಆಧಾರವಾದವುಗಳಲ್ಲಿ ಇದೂ ಒಂದು.

ಈ ಕೊರತೆ ನೀಗಿಸಲು ‘ಕಾಸ್ಮೋಸ್’ ಎಂಬ ಅಧ್ಯಯನ ಯುರೋಪಿನ ಐದು ದೇಶಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ನೋಂದಾಯಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆಚ್ಚು ಮಾತನಾಡುವವರಲ್ಲಿ ಮಿದುಳಿನ ಗಡ್ಡೆಯ ಅಪಾಯ ಹೆಚ್ಚಿರಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಸಮಗ್ರ ಪರಿಶೀಲನೆ 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ ಎಂಬುದು ಅದರ ತೀರ್ಮಾನ.

ಇಲಿಗಳ ಪ್ರಯೋಗವನ್ನೂ ಫಾರ್ವರ್ಡ್‌ಗಳು ಉಲ್ಲೇಖಿಸುತ್ತವೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡದ್ದು ನಿಜ. ಆದರೆ ಅವು ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ, ಇಡೀ ಮೈಗೆ ಅತಿ ಹೆಚ್ಚು ಪ್ರಮಾಣದ 2ಜಿ-3ಜಿ ಅಲೆ ತಾಗಿಸಿಕೊಂಡ ಇಲಿಗಳು. ಅದೇ ಗಂಡು ಇಲಿಗಳು, ಅಲೆ ತಾಗದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು. ಈ ಭಾಗ ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ.

‘ನಮ್ಮ ರಸ್ತೆಯಲ್ಲೇ ನಾಲ್ವರಿಗೆ ಬಂತಲ್ಲ?’

ಇದಕ್ಕೆ ಉತ್ತರ ಹೇಳುವಾಗ ಎಚ್ಚರ ಬೇಕು. ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಹತ್ತಿರದವರನ್ನು ಕಳೆದುಕೊಂಡವರು.

ಕ್ಯಾನ್ಸರ್ ನಾವು ಅಂದುಕೊಂಡದ್ದಕ್ಕಿಂತ ಸಾಮಾನ್ಯ. ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಕ್ಯಾನ್ಸರ್ ಬರಬಹುದು ಎಂದು ಬೆಂಗಳೂರಿನಲ್ಲೇ ಇರುವ ಐಸಿಎಂಆರ್‌ನ ರೋಗ ಮಾಹಿತಿ ಕೇಂದ್ರ ಅಂದಾಜು ಮಾಡಿದೆ. ಒಂದು ಅಡ್ಡರಸ್ತೆಯಲ್ಲಿ 200 ಜನ ಇದ್ದಾರೆ ಎಂದುಕೊಳ್ಳಿ. ಟವರ್ ಇರಲಿ ಬಿಡಲಿ, ಅವರಲ್ಲಿ 22 ಜನರಿಗೆ ಒಂದಲ್ಲ ಒಂದು ದಿನ ಈ ಕಾಯಿಲೆ ಬರುವ ಲೆಕ್ಕ ಅದು. ಹಿರಿಯರೇ ಹೆಚ್ಚಿರುವ ಹಳೆಯ ಬಡಾವಣೆಗಳಲ್ಲಿ ನಾಲ್ಕಾರು ಪ್ರಕರಣಗಳು ಒಂದೇ ಹೊತ್ತಿಗೆ ಕಾಣಿಸುವುದು ಅಪರೂಪವಲ್ಲ. ಇವತ್ತು ನಗರದ ಯಾವ ರಸ್ತೆಯ ಪಕ್ಕದಲ್ಲೂ ಒಂದು ಟವರ್ ಇದ್ದೇ ಇರುತ್ತದೆ. ಹಾಗಾಗಿ ಎಲ್ಲಿ ಕಾಯಿಲೆ ಬಂದರೂ ಬೊಟ್ಟು ಮಾಡಲು ಒಂದು ಟವರ್ ಸಿಗುತ್ತದೆ.

ಎರಡನೆಯದು ಸಮಯ. ಗಡ್ಡೆ ರೂಪದ ಕ್ಯಾನ್ಸರ್‌ಗಳು ಬೆಳೆಯಲು ಸಾಮಾನ್ಯವಾಗಿ ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಬೇಕು. ಹೋದ ವರ್ಷ ನಿಂತ ಟವರ್ ಈ ವರ್ಷದ ಗಡ್ಡೆಗೆ ಕಾರಣವಾಗುವುದು ಕಷ್ಟ.

ಮೂರನೆಯದು ನೋಂದಣಿ. ಜಯನಗರದಿಂದ ಸ್ವಲ್ಪವೇ ದೂರದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ಪ್ರಕರಣಗಳನ್ನು ದಾಖಲಿಸುವ ನೋಂದಣಿ ಕೇಂದ್ರವಿದೆ. ಇಂಥ ಹಳೆಯ ನೋಂದಣಿ ಇರುವ ನಾರ್ಡಿಕ್ ದೇಶಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಲೆಕ್ಕ ನೋಡಿದ್ದಾರೆ. ಬೆರಳೆಣಿಕೆಯ ಜನರ ಬಳಿ ಇದ್ದ ಮೊಬೈಲ್ ಎಲ್ಲರ ಕೈಗೂ ಬಂದ ಅವಧಿಯಲ್ಲಿ, ಅದಕ್ಕೆ ತಕ್ಕಂತೆ ಮಿದುಳಿನ ಕ್ಯಾನ್ಸರ್ ಏರಲಿಲ್ಲ. ಮೊಬೈಲ್ ದೊಡ್ಡ ಅಪಾಯವಾಗಿದ್ದರೆ ಆ ಏರಿಕೆ ಇಷ್ಟು ಹೊತ್ತಿಗೆ ಎದ್ದು ಕಾಣಬೇಕಿತ್ತು.

ತಲೆನೋವು, ನಿದ್ದೆಗೇಡು, ಕಿವಿಯಲ್ಲಿ ಗುಂಯ್

ಟವರ್ ಬಂದ ಮೇಲೆ ತಲೆನೋವು ಶುರುವಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ನೋವು ನಿಜ. ಕಾರಣ ಮಾತ್ರ ಬೇರೆ ಇರಬಹುದು. ಇಂಥ ತೊಂದರೆ ಇದೆ ಎನ್ನುವವರನ್ನು ಕೋಣೆಯಲ್ಲಿ ಕೂರಿಸಿ, ಅವರಿಗೂ ಪ್ರಯೋಗ ಮಾಡುವವರಿಗೂ ಗೊತ್ತಾಗದಂತೆ ಅಲೆಯನ್ನು ಹಾಕಿ, ಆರಿಸಿ ನೋಡುವ ಪ್ರಯೋಗಗಳು ಹಲವು ನಡೆದಿವೆ. ಅಲೆ ಯಾವಾಗ ಇತ್ತು, ಯಾವಾಗ ಇರಲಿಲ್ಲ ಎಂಬುದನ್ನು ಅವರು ಗುರುತಿಸಲಾರದೆ ಹೋದರು. ‘ಈಗ ಹಾಕಿದ್ದೇವೆ’ ಎಂದು ನಂಬಿಸಿದಾಗ ಮಾತ್ರ ತೊಂದರೆ ಕಾಣಿಸಿಕೊಂಡದ್ದೂ ಉಂಟು. ಕೆಟ್ಟದ್ದಾಗುತ್ತದೆ ಎಂಬ ನಿರೀಕ್ಷೆಯೇ ದೇಹವನ್ನು ಕಾಡುವ ಈ ಬಗೆಗೆ ವೈದ್ಯರು ‘ನೊಸೀಬೊ’ ಎನ್ನುತ್ತಾರೆ.

ಇಲ್ಲಿ ನಿಜವಾದ ಅಪಾಯ ಒಂದಿದೆ. ಬಿಡದೆ ಕಾಡುವ ತಲೆನೋವಿಗೆ ಕಾರಣ ರಕ್ತದೊತ್ತಡ ಇರಬಹುದು, ಕಣ್ಣಿನ ದೋಷ ಇರಬಹುದು, ಮೈಗ್ರೇನ್ ಇರಬಹುದು, ಅಪರೂಪಕ್ಕೆ ಗಂಭೀರ ಕಾಯಿಲೆಯೇ ಇರಬಹುದು. ‘ಎಲ್ಲ ಟವರ್‌ನಿಂದ’ ಎಂದುಕೊಂಡು ವೈದ್ಯರ ಬಳಿ ಹೋಗದಿದ್ದರೆ ಹಾನಿ ಮಾಡಿದ್ದು ಟವರ್ ಅಲ್ಲ, ಫಾರ್ವರ್ಡ್. ಹಾಸಿಗೆಯಲ್ಲಿ ಮಧ್ಯರಾತ್ರಿವರೆಗೆ ರೀಲ್ಸ್ ನೋಡುವ ಅಭ್ಯಾಸವಿದ್ದರೆ ನಿದ್ದೆ ಕೆಡುವುದಕ್ಕೆ ತಾರಸಿಯತ್ತ ನೋಡಬೇಕಿಲ್ಲ.

ಟವರ್ ತೆಗೆಸಿದರೆ ವಿಕಿರಣ ಕಡಿಮೆಯಾಗುತ್ತದೆಯೇ?

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಇದು. ಫೋನ್ ಮತ್ತು ಟವರ್ ನಡುವೆ ನಡೆಯುವುದು ಸಂಭಾಷಣೆ. ಎದುರಿಗೆ ಕೂತವರೊಡನೆ ಮೆಲ್ಲಗೆ ಮಾತನಾಡಿದರೆ ಸಾಕು, ರಸ್ತೆಯ ಆಚೆ ಇರುವವರನ್ನು ಕೂಗಬೇಕು. ಟವರ್ ಹತ್ತಿರವಿದ್ದರೆ ಫೋನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ದೂರವಿದ್ದರೆ, ನೆಲಮಾಳಿಗೆಯಲ್ಲಿದ್ದರೆ, ಲಿಫ್ಟ್‌ನಲ್ಲಿದ್ದರೆ ತನ್ನ ಗರಿಷ್ಠ ಶಕ್ತಿ ಹಾಕುತ್ತದೆ. 4ಜಿ, 5ಜಿ ಫೋನ್‌ಗಳಲ್ಲಿ ಅದು ಸಾಮಾನ್ಯವಾಗಿ ವ್ಯಾಟ್‌ನ ಐದನೇ ಒಂದು ಭಾಗ. ಸಿಗ್ನಲ್ ಕಡ್ಡಿ ಒಂದೇ ಇರುವ ಕಡೆ ಬ್ಯಾಟರಿ ಬೇಗ ಇಳಿಯುವುದು ಇದಕ್ಕೇ.

ದೂರ ಎರಡು ಪಟ್ಟಾದರೆ ಅಲೆಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತು ಪಟ್ಟಾದರೆ ನೂರನೇ ಒಂದು ಭಾಗಕ್ಕೆ. ಹಾಗಾಗಿ ಹತ್ತಾರು ಮೀಟರ್ ಆಚೆಯ ಟವರ್‌ಗಿಂತ ಕಿವಿಗೆ ಒತ್ತಿ ಹಿಡಿದ ಫೋನಿನಿಂದಲೇ ನಮಗೆ ಹೆಚ್ಚು ತಾಗುತ್ತದೆ. ಬೀದಿಯ ಟವರ್ ತೆಗೆಸಿದರೆ ಆ ಫೋನ್ ಇನ್ನಷ್ಟು ಜೋರು ಮಾಡುತ್ತದೆ. ಭಯಪಟ್ಟು ಮಾಡಿದ ಕೆಲಸ, ಭಯಪಟ್ಟ ವಸ್ತುವನ್ನೇ ಹೆಚ್ಚಿಸಿದಂತಾಗುತ್ತದೆ.

ಇನ್ನೊಂದು ನಷ್ಟವೂ ಇದೆ. ಜಯನಗರ, ಬನಶಂಕರಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದು ವಯಸ್ಸಾದವರಷ್ಟೇ ಇದ್ದಾರೆ. ರಾತ್ರಿ ಎದೆನೋವು ಬಂದಾಗ 108ಕ್ಕೋ 112ಕ್ಕೋ ಕರೆ ಹೋಗದಿದ್ದರೆ ಆಗುವ ಅನಾಹುತಕ್ಕೆ ಯಾವ ಅನುಮಾನವೂ ಬೇಕಿಲ್ಲ.

ಆಗಾಗ ಬರುವ ಇನ್ನಷ್ಟು ಫಾರ್ವರ್ಡ್‌ಗಳು

*‘ಕೊರೊನಾ ಬಂದದ್ದು 5ಜಿಯಿಂದ’* – ಸುಳ್ಳು. ಕರ್ನಾಟಕದಲ್ಲಿ ಮೊದಲ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್‌ನಲ್ಲಿ. 5ಜಿ ಬಂದದ್ದು ಅದಾಗಿ ಎರಡೂವರೆ ವರ್ಷದ ಮೇಲೆ. 2021ರ ಮೇ 10ರಂದು, ಎರಡನೇ ಅಲೆಯ ನಡುವೆ, ಭಾರತದಲ್ಲಿ ಎಲ್ಲೂ 5ಜಿ ಪರೀಕ್ಷೆ ಶುರುವಾಗಿಯೇ ಇಲ್ಲ ಎಂದು ದೂರಸಂಪರ್ಕ ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಈ ಸುಳ್ಳು ನಂಬಿ ಟವರ್‌ಗಳಿಗೆ ಬೆಂಕಿ ಹಚ್ಚಿದರು.

*‘ನಟಿ ಜೂಹಿ ಚಾವ್ಲಾ ಕೋರ್ಟಿಗೆ ಹೋಗಿ 5ಜಿ ನಿಲ್ಲಿಸಿದರು’* – ಸುಳ್ಳು. ‘ಪ್ರೇಮಲೋಕ’ದ ನಾಯಕಿಯಾಗಿ ನಮಗೆಲ್ಲ ಪರಿಚಿತರಾದ ಅವರು ದೆಹಲಿ ಹೈಕೋರ್ಟ್‌ನಲ್ಲಿ ದಾವೆ ಹೂಡಿದ್ದು ನಿಜ. 2021ರ ಜೂನ್ 4ರಂದು ನ್ಯಾಯಾಲಯ ಅದನ್ನು ವಜಾ ಮಾಡಿ 20 ಲಕ್ಷ ರೂಪಾಯಿ ದಂಡ ಹಾಕಿತು. ಮರುವರ್ಷ ದಂಡವನ್ನು 2 ಲಕ್ಷಕ್ಕೆ ಇಳಿಸಲಾಯಿತು.

*‘ಬೆಂಗಳೂರಿನ ಗುಬ್ಬಚ್ಚಿಗಳು ಸತ್ತದ್ದು ಟವರ್‌ನಿಂದ’* – ಪುರಾವೆ ಇಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿ ಪ್ರಕಾರ ಗುಬ್ಬಚ್ಚಿಗಳ ಸಂಖ್ಯೆ ಒಟ್ಟು ದೇಶದಲ್ಲಿ ಹೆಚ್ಚು ಕಡಿಮೆ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಇಳಿದಿದೆ. ಹೆಂಚಿನ ಸೂರು ಹೋಗಿ ಗಾಜಿನ ಕಟ್ಟಡ ಬಂದ ಮೇಲೆ ಗೂಡಿಗೆ ಜಾಗವಿಲ್ಲ. ಮರಿಗಳಿಗೆ ಬೇಕಾದ ಹುಳುಗಳೂ ಕಡಿಮೆ.

*‘5ಜಿಯಿಂದ ವಿಮಾನಕ್ಕೆ ತೊಂದರೆ’* – ಇದರಲ್ಲಿ ನಿಜವಿದೆ, ಆದರೆ ಆರೋಗ್ಯಕ್ಕೆ ಸಂಬಂಧಿಸಿದ್ದಲ್ಲ. ವಿಮಾನದ ಎತ್ತರ ಅಳೆಯುವ ಉಪಕರಣ ಬಳಸುವ ಅಲೆಗಳು 5ಜಿಯ ಒಂದು ಪಟ್ಟಿಗೆ ಹತ್ತಿರದಲ್ಲಿವೆ. ಅದಕ್ಕಾಗಿ 2022ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣಗಳ ರನ್‌ವೇ ತುದಿಯಿಂದ 2.1 ಕಿಲೋಮೀಟರ್‌ವರೆಗೆ ಆ ಪಟ್ಟಿಯ ಟವರ್ ಹಾಕದಂತೆ ಸರ್ಕಾರ ಸೂಚಿಸಿತು. ನಿಜವಾದ ತೊಂದರೆ ಕಂಡಾಗ ನಿಯಮ ಬರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಭಯವನ್ನೇ ಬಂಡವಾಳ ಮಾಡಿಕೊಂಡವರು

ಫೋನ್ ಹಿಂದೆ ಅಂಟಿಸುವ ‘ವಿಕಿರಣ ನಿರೋಧಕ’ ಸ್ಟಿಕ್ಕರ್, ಕೊರಳಿಗೆ ಹಾಕುವ ಪದಕ, ಮನೆಯಲ್ಲಿಡುವ ಪಿರಮಿಡ್ಡುಗಳಿಗೆ ನೂರರಿಂದ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಸ್ಟಿಕ್ಕರ್ ನಿಜಕ್ಕೂ ಅಲೆ ತಡೆದರೆ ಫೋನ್ ಕರೆಯೇ ಹೋಗುವುದಿಲ್ಲ, ಅರೆಬರೆ ತಡೆದರೆ ಫೋನ್ ಇನ್ನಷ್ಟು ಶಕ್ತಿ ಹಾಕುತ್ತದೆ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯ ‘ಚಿಪ್’ ಬಿಡುಗಡೆ ಮಾಡಿದಾಗ ದೇಶದ ನೂರಾರು ವಿಜ್ಞಾನಿಗಳು ಪುರಾವೆ ಕೊಡಿ ಎಂದು ಬಹಿರಂಗವಾಗಿ ಕೇಳಿದರು. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇನ್ನೂ ವಿಚಿತ್ರವಾದುದನ್ನು ಕಂಡುಹಿಡಿಯಿತು. 5ಜಿಯಿಂದ ಕಾಪಾಡುತ್ತವೆ ಎಂದು ಮಾರುತ್ತಿದ್ದ ಪದಕ, ಕೈಬಳೆಗಳಂಥ ಹತ್ತು ವಸ್ತುಗಳು ತಾವೇ ಡಿಎನ್‌ಎ ಮುರಿಯಬಲ್ಲ ವಿಕಿರಣ ಸೂಸುತ್ತಿದ್ದವು!

ಇದಕ್ಕೆ ಇನ್ನೊಂದು ಮುಖವೂ ಇದೆ. ‘ನಿಮ್ಮ ತಾರಸಿಯಲ್ಲಿ 5ಜಿ ಟವರ್ ಹಾಕುತ್ತೇವೆ, ತಿಂಗಳಿಗೆ ಭಾರಿ ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಸಂದೇಶಗಳು ಶುದ್ಧ ವಂಚನೆ. ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಟವರ್‌ಗಾಗಿ ಮನೆ ಮಾಲೀಕರಿಂದ ಹಣ ಕೇಳುವುದಿಲ್ಲ. 5ಜಿ ಸಿಮ್ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎನ್ನುವವರೂ ಕಳ್ಳರೇ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅನುಮಾನದ ಕರೆ, ಸಂದೇಶಗಳನ್ನು ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು.

ಟವರ್ ಬಗ್ಗೆ ದೂರು ಕೊಡಲೇಬಾರದೇ?

ಖಂಡಿತ ಕೊಡಬಹುದು, ಸರಿಯಾದ ಕಾರಣಕ್ಕೆ.

1. ಕಟ್ಟಡದ ಬಲ. ಹಳೆಯ ಮನೆಯ ತಾರಸಿ ಆ ಭಾರ ತಾಳುತ್ತದೆಯೇ? ರಚನಾ ಎಂಜಿನಿಯರ್ ಕೊಟ್ಟ ಪ್ರಮಾಣಪತ್ರವನ್ನು ಕೇಳಿ ನೋಡಿ.
2. ಜನರೇಟರ್. ಡೀಸೆಲ್ ಜನರೇಟರ್ ಇದ್ದರೆ ಅದರ ಹೊಗೆ ಮತ್ತು ಸದ್ದು ನಿಜವಾದ ತೊಂದರೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಬಿಳಿ ಡಬ್ಬಿಗಿಂತ ಕೆಳಗಿರುವ ಈ ಯಂತ್ರದ ಬಗ್ಗೆ ದೂರು ಕೊಡುವುದು ಹೆಚ್ಚು ಅರ್ಥಪೂರ್ಣ.
3. ಆಂಟೆನಾದ ದಿಕ್ಕು. ಆಂಟೆನಾ ಅಲೆಯನ್ನು ಟಾರ್ಚ್‌ನಂತೆ ಮುಂದಕ್ಕೆ ಕಳುಹಿಸುತ್ತದೆ, ಕೆಳಕ್ಕಲ್ಲ. ಅದೇ ಕಟ್ಟಡದ ಕೆಳಮನೆಗಿಂತ, ಎದುರಿಗೆ ಅದೇ ಎತ್ತರದಲ್ಲಿ ತೀರಾ ಹತ್ತಿರವಿರುವ ಮನೆಯನ್ನು ಗಮನಿಸಬೇಕು. ಒಂದು ಆಂಟೆನಾ ಇದ್ದರೆ ನೇರ ಮುಂದೆ ಕನಿಷ್ಠ 20 ಮೀಟರ್ ಒಳಗೆ ಸಮ ಎತ್ತರದ ಕಟ್ಟಡ ಇರಬಾರದು ಎಂದು ದೂರಸಂಪರ್ಕ ಇಲಾಖೆಯ ಸಲಹಾ ಮಾರ್ಗಸೂಚಿ ಹೇಳುತ್ತದೆ. ಆಂಟೆನಾ ಹೆಚ್ಚಿದಂತೆ ಈ ದೂರವೂ ಹೆಚ್ಚುತ್ತದೆ.
4. ಅಳತೆ. 2017ರ ಮೇ ತಿಂಗಳಲ್ಲಿ ಶುರುವಾದ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ನಿಮ್ಮ ಸುತ್ತಲಿನ ಟವರ್‌ಗಳು ಮಿತಿ ಪಾಲಿಸುತ್ತಿವೆಯೇ ಎಂದು ನಕ್ಷೆಯಲ್ಲಿ ನೋಡಬಹುದು. ನಿಮ್ಮ ಜಾಗದಲ್ಲೇ ಅಳತೆ ಬೇಕೆಂದರೆ ಅರ್ಜಿ ಹಾಕಬಹುದು. ಪೋರ್ಟಲ್ ಶುರುವಾದಾಗ ಇದಕ್ಕೆ 4,000 ರೂಪಾಯಿ ಶುಲ್ಕ ನಿಗದಿಯಾಗಿತ್ತು. ನಿವಾಸಿಗಳ ಸಂಘದಿಂದ ಹಾಕಿದರೆ ತಲಾ ನೂರು ರೂಪಾಯಿಯೂ ಬೀಳುವುದಿಲ್ಲ. ಮಿತಿ ಮೀರಿದ್ದರೆ ಕಂಪನಿಗೆ ಲಕ್ಷಗಟ್ಟಲೆ ದಂಡ ಬೀಳುತ್ತದೆ.

ಫೋನಿನಿಂದ ತಾಗುವುದನ್ನು ಕಡಿಮೆ ಮಾಡಿಕೊಳ್ಳಬೇಕೆಂದರೆ ಉಪಾಯಗಳು ಸುಲಭ ಮತ್ತು ಪುಕ್ಕಟೆ: ದೀರ್ಘ ಕರೆಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ, ಸಿಗ್ನಲ್ ಇಲ್ಲದ ಕಡೆ ಕರೆ ಚಿಕ್ಕದಾಗಿ ಮುಗಿಸಿ, ಮಲಗುವಾಗ ಫೋನನ್ನು ದಿಂಬಿನ ಕೆಳಗಲ್ಲ, ಮೇಜಿನ ಮೇಲಿಡಿ. ಹಾಗೆಯೇ ಫೋನ್ ನೋಡುತ್ತಾ ರಸ್ತೆ ದಾಟುವುದನ್ನು ಬಿಡಿ. ಮೊಬೈಲ್‌ನಿಂದ ಜೀವಕ್ಕೆ ಅಪಾಯ ಎಂಬುದು ಸಾಬೀತಾಗಿರುವುದು ಅಲ್ಲಿ, ವಾಹನ ಓಡಿಸುವಾಗ ಮತ್ತು ರಸ್ತೆ ದಾಟುವಾಗ.

ಗುಂಪಿಗೆ ಹೀಗೆ ಉತ್ತರಿಸಿ

ಈ ಫಾರ್ವರ್ಡ್ ಮತ್ತೆ ಬಂದರೆ ಜಗಳವಾಡಬೇಕಿಲ್ಲ. ಕೆಳಗಿನದನ್ನು ನಕಲು ಮಾಡಿ ಕಳುಹಿಸಿದರೆ ಸಾಕು:

“5ಜಿ ಅಲೆಗೆ ಡಿಎನ್‌ಎ ಮುರಿಯುವ ಶಕ್ತಿ ಇಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆಯಲ್ಲಿ ಮೊಬೈಲ್‌ಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಂಡಿಲ್ಲ. ಟವರ್ ದೂರವಾದರೆ ನಮ್ಮ ಫೋನೇ ಹೆಚ್ಚು ಅಲೆ ಸೂಸುತ್ತದೆ. ಅನುಮಾನವಿದ್ದರೆ ತರಂಗ್ ಸಂಚಾರ್‌ನಲ್ಲಿ ಅಳತೆಗೆ ಅರ್ಜಿ ಹಾಕೋಣ. ಜನರೇಟರ್ ಹೊಗೆ, ಕಟ್ಟಡದ ಬಲದ ಬಗ್ಗೆ ಸಂಘದಿಂದ ಕೇಳೋಣ. ತಲೆನೋವು ಬಿಡದಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ.”